ಹದಿನಾರು ಬಣ್ಣಗಳ ಹದ

ಆಜ್ಞೆಗಳನ್ನು ಟೈಪ್ ಮಾಡುವ ಕಂಪ್ಯೂಟರ್ ಕಿಟಕಿಯಾದ ಟರ್ಮಿನಲ್‌ಗೆ ಕೆಂಪು ಬಣ್ಣ ತಲುಪುವುದು 31 ಎಂಬ ಸಂಖ್ಯೆಯ ರೂಪದಲ್ಲಿ. ಅದು ಕುಂಕುಮದ ಕೆಂಪೋ ಇಟ್ಟಿಗೆಯ ಕೆಂಪೋ ಎಂಬ ತೀರ್ಮಾನ ಬಳಸುವವರ ಸೆಟ್ಟಿಂಗ್‌ಗೆ ಬಿಟ್ಟದ್ದು. ಎಂಥ ಉದಾರ ಏರ್ಪಾಡು!

ಈ ಅವಕಾಶವನ್ನು ಅಪಾರ ಶ್ರದ್ಧೆಯಿಂದ ಬಳಸಿಕೊಂಡದ್ದು ಈಥನ್ ಸ್ಕೂನೋವರ್ 2011ರಲ್ಲಿ ಹೊರತಂದ ಸೋಲರೈಸ್ಡ್ ಎಂಬ ಬಣ್ಣಗಳ ಜೋಡಣೆ. ಒಟ್ಟು 16 ಬಣ್ಣ: ಹಿನ್ನೆಲೆಗೂ ಸಾಮಾನ್ಯ ಅಕ್ಷರಕ್ಕೂ ಎಂಟು, ಎದ್ದು ಕಾಣಬೇಕಾದ ಪದಗಳಿಗೆ ಇನ್ನೆಂಟು. ಮೊದಲಿನ ಎಂಟನ್ನು ಅವರು ಸೀಲ್ಯಾಬ್ ಮಾಪನದಲ್ಲಿ, ಅಂದರೆ ಮನುಷ್ಯನ ಕಣ್ಣಿಗೆ ತೋರುವ ಹೊಳಪಿನ ಲೆಕ್ಕದಲ್ಲಿ, ಎರಡೂ ತುದಿಯಿಂದ ಸರಿಸಮನಾಗಿ ಜೋಡಿಸಿದರು. ಹಾಗಾಗಿ ಕಡು ನೀಲಿ-ಹಸಿರಿನ ಹಿನ್ನೆಲೆ ಬಿಟ್ಟು ಕೆನೆಬಣ್ಣದ ಹಿನ್ನೆಲೆಗೆ ಹೊರಳಿದರೂ ಅಕ್ಷರಕ್ಕೂ ಹಿನ್ನೆಲೆಗೂ ಇರುವ ಹೊಳಪಿನ ಅಂತರ ಬಹುತೇಕ ಕದಲುವುದಿಲ್ಲ. ಉಳಿದ ಎಂಟು ಬಣ್ಣಗಳನ್ನಂತೂ ಮುಟ್ಟಲೇಬೇಕಿಲ್ಲ. ಅಚ್ಚಕಪ್ಪು, ಅಚ್ಚಬಿಳಿ ಎರಡನ್ನೂ ದೂರವಿಟ್ಟು ಇಷ್ಟು ಸ್ಪಷ್ಟತೆ ಸಾಧಿಸಿದ್ದು ದೊಡ್ಡ ಕಸುಬುದಾರಿಕೆ.

ಒಂದು ತೊಡಕುಂಟು. ಬೂದುಬಣ್ಣಗಳಿಗೆ ಜಾಗ ಸಾಲದೆ, ಟರ್ಮಿನಲ್‌ನ ಹದಿನಾರು ಬಣ್ಣದ ಸ್ಥಾನಗಳಲ್ಲಿ ‘ಹೊಳಪಿನ ಕಪ್ಪು’ ಎಂಬುದಕ್ಕೆ ಕಡು ಹಿನ್ನೆಲೆಯ ಬಣ್ಣವೇ ಬಂತು. ಯಾವುದಾದರೂ ಪ್ರೋಗ್ರಾಮ್ ಆ ಬಣ್ಣದಲ್ಲಿ ಬರೆದರೆ ಸಾಲೇ ಮಾಯ! ಆ ಒಂದು ಸ್ಥಾನಕ್ಕೆ ತುಸು ತಿಳಿಯಾದ ಬೂದು ಕೊಟ್ಟರೆ ಸಾಲು ಮತ್ತೆ ಕಾಣುತ್ತದೆ.

ಈಗಿನ ಅನೇಕ ಟರ್ಮಿನಲ್‌ಗಳು ಒಂದೂವರೆ ಕೋಟಿಗೂ ಹೆಚ್ಚು ಬಣ್ಣ ತೋರಿಸಬಲ್ಲವು. ಆದರೂ ಕಡತಗಳ ಪಟ್ಟಿ ಕೊಡುವ ‘ಎಲ್‌ಎಸ್’, ಬದಲಾವಣೆ ತೋರಿಸುವ ‘ಗಿಟ್’ ಸಾಮಾನ್ಯವಾಗಿ ಕೇಳುವುದು ಮೊದಲಿನ ಹದಿನಾರರಲ್ಲೊಂದನ್ನೇ. ಆ ಹದಿನಾರನ್ನು ಒಮ್ಮೆ ಹದಗೊಳಿಸಿದರೆ ಎರಡೂ ಆಜ್ಞೆಗಳ ಫಲಿತಾಂಶ ಹೊಸ ಬಣ್ಣದಲ್ಲಿ ಮೂಡುತ್ತದೆ.