ಹಿರಿಯ ಮಗನೆಲ್ಲಿ?

ಪ್ರೌಢಶಾಲೆಯ ಮಕ್ಕಳಿಗೆ ಬೈಬಲಿನ ಕಥೆ ಹೇಳಿಕೊಡುವವರ ಮೇಲೆ ನನ್ನದೊಂದು ತಕರಾರು. ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ದುಂದುಗಾರ ಮಗನ ಕಥೆಯನ್ನೇ ನೋಡಿ. ಆಸ್ತಿ ಕಳೆದು, ಹಂದಿ ಕಾಯ್ದು, ಹಸಿದು ಮರಳಿದ ಕಿರಿಯನನ್ನು ತಂದೆ ಓಡಿಬಂದು ತಬ್ಬಿಕೊಂಡನೆಂಬಲ್ಲಿಗೆ ಪಾಠ ಮುಗಿಸಿ, ಪಶ್ಚಾತ್ತಾಪವೇ ನೀತಿಯೆಂದು ಬರೆಯಿಸಿಬಿಡುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. 25ನೆಯ ವಚನದಿಂದ ಹಿರಿಯ ಮಗ ಬರುತ್ತಾನೆ. ಇಷ್ಟು ವರ್ಷ ದುಡಿದ ತನಗೊಂದು ಆಡಿನ ಮರಿಯೂ ದಕ್ಕಲಿಲ್ಲವೆಂದು ಮುನಿದು ಹೊರಗೇ ನಿಲ್ಲುತ್ತಾನೆ. ತಂದೆಯೇ ಹೊರಬಂದು ಬೇಡಿಕೊಳ್ಳುತ್ತಾನೆ. ಮಗ ಒಳಗೆ ಹೋದನೇ? ಲೂಕ ಹೇಳುವುದಿಲ್ಲ. ಪಾಪಿಗಳೊಡನೆ ಉಣ್ಣುತ್ತಾನೆಂದು ಗೊಣಗಿದವರಿಗೇ ಯೇಸು ಹೇಳಿದ ಕಥೆಯಿದು. ಗೊಣಗುವ ಮಗನನ್ನೇ ಬಿಟ್ಟರೆ ಉಳಿಯುವುದೇನು? ತಪ್ಪು ಮಾಡಿದ ತಮ್ಮನಿಗೇಕೆ ಮುದ್ದು ಎಂದು 14 ವರ್ಷದ ಹುಡುಗ ಮನೆಯಲ್ಲಿ ದಿನವೂ ಜಗಳವಾಡುತ್ತಾನೆ. ಆ ಜಗಳವನ್ನು ತರಗತಿಗೆ ಕರೆತನ್ನಿ. ನೀತಿಯನ್ನು ಮಕ್ಕಳೇ ಬರೆಯಲಿ.