ಈಶಾನ್‌ಗೆ ಸಿಕ್ಕ ಬಿಡುವು

ಆಮಿರ್ ಖಾನ್ ನಿರ್ದೇಶನದ ‘ತಾರೆ ಜಮೀನ್ ಪರ್’ (2007) ಚಿತ್ರವನ್ನು ಡಿಸ್ಲೆಕ್ಸಿಯಾ ಕುರಿತ ಚಿತ್ರವೆಂದೇ ನಾವೆಲ್ಲ ನೆನಪಿಟ್ಟುಕೊಂಡಿದ್ದೇವೆ. ಅಕ್ಷರಗಳೊಂದಿಗೆ ಹೆಣಗುವ ಮೂರನೇ ತರಗತಿಯ ಹುಡುಗ ಈಶಾನ್. ಅವನೊಳಗಿನ ಚಿತ್ರಕಾರನನ್ನು ಗುರುತಿಸುವ ಮೇಷ್ಟ್ರು ನಿಕುಂಭ್. ಆದರೆ ಮತ್ತೆ ನೋಡಿದಾಗ ನಮ್ಮ ಮನಸ್ಸಿನಲ್ಲಿ ಉಳಿಯುವುದು ಮೇಷ್ಟ್ರಿಲ್ಲದ ದೃಶ್ಯಗಳು.

ಚಿತ್ರದ ಆರಂಭದಲ್ಲಿ ಹುಡುಗ ಚರಂಡಿಯ ಪುಟ್ಟ ಮೀನುಗಳನ್ನು ಹಿಡಿಯುವುದರಲ್ಲಿ ಮೈಮರೆತಿದ್ದಾನೆ. ಮುಂದೊಂದು ದಿನ ಶಾಲೆ ತಪ್ಪಿಸಿ ಮುಂಬೈ ಬೀದಿಗಳಲ್ಲಿ ಒಬ್ಬನೇ ಅಲೆಯುತ್ತಾನೆ. ಅವನ ಕಣ್ಣು ಪಳಗಿದ್ದು ಅಲ್ಲಿ. ಅಪ್ಪನಿಗೆ ಮಾತ್ರ ಅದು ಪೋಲಿತನ. ಗುಟ್ಟು ಬಯಲಾಗುತ್ತದೆ, ಅಂಕಗಳೂ ಕೈಕೊಡುತ್ತವೆ, ಹುಡುಗ ವಸತಿ ಶಾಲೆಯ ಪಾಲಾಗುತ್ತಾನೆ. ಅಲ್ಲಿ ಅವನು ಕುಂಚ ಮುಟ್ಟುವುದನ್ನೇ ಬಿಡುತ್ತಾನೆ.

ನಮ್ಮ ತಕರಾರು ಚಿತ್ರದ ಕೊನೆಯ ಬಗ್ಗೆ. ಚಿತ್ರಕಲಾ ಸ್ಪರ್ಧೆಯ ದಿನ ನಸುಕಿನಲ್ಲೇ ಎದ್ದು ಹೋದ ಈಶಾನ್ ಕೊಳದ ಬಳಿ ಒಬ್ಬನೇ ಕೂರುತ್ತಾನೆ. ಆಮೇಲೆ ಬಿಡಿಸುವುದೂ ಆ ಕೊಳವನ್ನೇ. ಕಲೆ ಹುಟ್ಟುವುದು ಬಿಡುವಿನಲ್ಲಿ ಎಂಬುದು ಚಿತ್ರಕ್ಕೆ ಗೊತ್ತಿದೆ. ಆದರೂ ಅದು ಚಪ್ಪಾಳೆಯನ್ನು ಕಾದಿರಿಸುವುದು ಮೊದಲ ಬಹುಮಾನಕ್ಕೆ. ಬಹುಮಾನ ಬೇರೆಯವರಿಗೆ ಹೋಗಿದ್ದರೆ ಆ ಮುಂಜಾವು ವ್ಯರ್ಥವಾಗುತ್ತಿತ್ತೇ? ಈ ಪ್ರಶ್ನೆಯನ್ನು ಚಿತ್ರ ಕೇಳುವುದಿಲ್ಲ.

ನಮ್ಮ ಮನೆಗಳಲ್ಲೂ ನಡೆಯುವುದು ಇದೇ. ಮಗು ಚೆನ್ನಾಗಿ ಹಾಡಿದರೆ ಮರುದಿನವೇ ಸಂಗೀತದ ಕ್ಲಾಸು, ಲೆಕ್ಕದಲ್ಲಿ ಚುರುಕಾದರೆ ಅಬಾಕಸ್, ಜತೆಗೆ ಶಾಲೆ, ಟ್ಯೂಷನ್, ಅರಬಿ ಪಾಠ. ಪ್ರತಿಭೆ ಕಂಡ ಗಳಿಗೆಯಿಂದ ಮಗುವಿನ ಬಿಡುವು ಮುಗಿಯುತ್ತದೆ. ದಡ್ಡನೆನಿಸಿಕೊಂಡ ಹುಡುಗನಿಗೆ ಆಡಲು ಸಿಗುವಷ್ಟು ಹೊತ್ತೂ ಜಾಣನಿಗೆ ಸಿಗುವುದಿಲ್ಲ.

ಇನ್ನೊಂದು ಮಾತು. ಈಶಾನ್ ಹುಡುಗನಾದ್ದರಿಂದಲೇ ಬೀದಿ ಅಲೆಯಬಲ್ಲ. ಅವನಷ್ಟೇ ಪ್ರತಿಭೆಯಿರುವ ಹುಡುಗಿ ನಮ್ಮ ಮೊಹಲ್ಲಾದಲ್ಲಿದ್ದರೆ? ಪುಸ್ತಕ ಮುಚ್ಚಿದ ಕೂಡಲೇ ಅವಳಿಗೆ ಪಾತ್ರೆ ಕಾದಿರುತ್ತದೆ, ಇಲ್ಲವೇ ಕಂಕುಳಿಗೆ ತಮ್ಮ ಬರುತ್ತಾನೆ. ಸುಮ್ಮನೆ ಕೂತು ಆಕಾಶ ನೋಡಿದರೆ ಸೋಮಾರಿ ಎಂಬ ಬಿರುದು. ಅವಳ ಬಿಡುವಿನ ಚಿತ್ರವನ್ನು ಯಾರಾದರೂ ತೆಗೆಯಬೇಕಾಗಿದೆ.

ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ವಿಶ್ರಾಂತಿ, ಬಿಡುವು, ಆಟಗಳನ್ನು ಮಗುವಿನ ಹಕ್ಕೆಂದು ಹೇಳುತ್ತದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಹಕ್ಕೆಂದ ಮೇಲೆ ಅದನ್ನು ಬಹುಮಾನ ಗೆದ್ದು ಸಾಬೀತುಪಡಿಸಬೇಕಾಗಿಲ್ಲ. ಅಸರ್‌ನಿಂದ ಮಗ್ರಿಬ್‌ವರೆಗಿನ ಸಂಜೆಯನ್ನಾದರೂ ಮಕ್ಕಳಿಗೆ ಬಿಟ್ಟುಕೊಡೋಣ, ಹೆಣ್ಣುಮಕ್ಕಳಿಗೂ. ಆ ಹೊತ್ತಿನಲ್ಲಿ ಏನು ಮಾಡಿದೆ ಎಂದು ಕೇಳದಿರೋಣ.