ಇಪ್ಪತ್ತೈದನೇ ವರ್ಷ ಏನಾಗುತ್ತೆ, ಪುಟ್ಟಾ?

ಹಾರನಹಳ್ಳಿಯ ನಮ್ಮ ತೆಂಗಿನ ತೋಟದ ಪಹಣಿಯಲ್ಲಿ ನನ್ನ ಹೆಸರೂ ಇದೆ. ಅಪ್ಪ ತೀರಿಕೊಂಡ ಮೇಲೆ ಸೇರಿದ್ದು. ಇಷ್ಟು ವರ್ಷ ಆ ಹೆಸರಿಗೆ ಕೆಲಸವೇ ಇರಲಿಲ್ಲ. ವರ್ಷಕ್ಕೆರಡು ಸಲ ಚಿಕ್ಕಪ್ಪ ಒಂದು ಮೂಟೆ ಕಾಯಿ ಕಳಿಸೋರು, ನಾನು ಅದನ್ನು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದವರಿಗೆ ಹಂಚಿ 'ನಮ್ಮ ತೋಟದ್ದು' ಅಂತ ಜಂಬ ಪಡುತ್ತಿದ್ದೆ. ಅಷ್ಟೇ. ಈ ಸಲ ಯುಗಾದಿಗೆ ಊರಿಗೆ ಹೋದಾಗ ಆ ಹೆಸರಿಗೆ ಮೊದಲ ಸಲ ಕೆಲಸ ಬಂತು. ಒಬ್ಬಟ್ಟಿನ ಊಟ ಮುಗಿಸಿ ಜಗಲಿಗೆ ಬಂದರೆ ಚಿಕ್ಕಪ್ಪನ ಮಗ ಪುಟ್ಟ ಲ್ಯಾಪ್‌ಟಾಪ್ ತೆರೆದು ಕೂತಿದ್ದ. "ಅಕ್ಕಾ, ತೋಟದಲ್ಲಿ ನಾಲ್ಕು ಎಕರೆ ಕನ್ವರ್ಷನ್ ಮಾಡ್ಸೋಣ ಅಂತ. ನಿನ್ ಸೈನ್ ಬೇಕು."

ಅವನ ಪ್ಲಾನು ಮೆಂಬರ್‌ಶಿಪ್ ಕ್ಯಾರವಾನ್ ಪಾರ್ಕ್. ಮರಗಳ ನಡುವೆ ನಲವತ್ತು ಸೈಟು. ಪ್ರತಿ ಸೈಟಿಗೂ ಒಂದು ಕರೆಂಟ್ ಕಂಬ, ಒಂದು ನಲ್ಲಿ, ಒಂದು ಒಳಚರಂಡಿ ಪೈಪು. ಬೆಂಗಳೂರಿನ ಜನ ಮನೆಯಂಥ ಗಾಡಿ ತಂದು ನಿಲ್ಲಿಸಿಕೊಂಡು ಎರಡು ದಿನ ಇರುತ್ತಾರೆ. ಗಾಡಿ ಇಲ್ಲದವರಿಗೆ ನಾವೇ ನಾಲ್ಕಾರು ಗಾಡಿ ನಿಲ್ಲಿಸಿರುತ್ತೇವೆ. ದಿನಬಾಡಿಗೆ ಇಲ್ಲ. ಒಂದೇ ಸಲ ಮೂರು ಲಕ್ಷ ಕಟ್ಟಿದರೆ ಇಪ್ಪತ್ತೈದು ವರ್ಷ ಮೆಂಬರು, ಜೊತೆಗೆ ವರ್ಷ ವರ್ಷ ಒಂದಿಷ್ಟು ಮೆಂಟೇನೆನ್ಸ್. ಎಲ್ಲರೂ ಒಂದೇ ದಿನ ಬರೋದಿಲ್ಲವಲ್ಲ, ಹಾಗಾಗಿ ಸೈಟಿಗೆ ಹತ್ತರಂತೆ ನಾನೂರು ಮೆಂಬರು. "ಹನ್ನೆರಡು ಕೋಟಿ ಅಕ್ಕಾ. ಮೊದಲ ಎರಡು ವರ್ಷದಲ್ಲೇ."

ನನಗೆ ನಗು ಬರಲಿಲ್ಲ. ಇವನು ಬಡಿಸಲು ಹೊರಟಿದ್ದ ಊಟವನ್ನು ನಾನು ಆಗಲೇ ಒಂದು ಸಲ ಉಂಡು ಬಂದಿದ್ದೆ. ಅದೂ ಹಳಸಿದ ಮೇಲೆ.

ಎರಡು ವರ್ಷದ ಹಿಂದೆ ಪ್ರಾಜೆಕ್ಟಿಗೆಂದು ಟೆಕ್ಸಾಸ್‌ಗೆ ಹೋಗಿದ್ದಾಗಿನ ಮಾತು. ಆಫೀಸಿನ ಒಬ್ಬ ಶಿವಮೊಗ್ಗದ ಹುಡುಗ, ಅವನ ಹೆಂಡತಿ, ಇಬ್ಬರು ಮಕ್ಕಳು ಹಳೇ ಆರ್‌ವಿ ಒಂದನ್ನು ಕೊಂಡಿದ್ದರು. ಯಾರೋ ಬೇಡವೆಂದು ಬಿಟ್ಟ ಕ್ಯಾಂಪ್‌ಗ್ರೌಂಡ್ ಮೆಂಬರ್‌ಶಿಪ್ ಕೂಡ ಅಗ್ಗಕ್ಕೆ ಸಿಕ್ಕಿತ್ತು. ಲಾಂಗ್ ವೀಕೆಂಡಿಗೆ ನನ್ನನ್ನೂ ಹತ್ತಿಸಿಕೊಂಡು ಹೋದರು. ನಾಲ್ಕು ರಾತ್ರಿ ಅಲ್ಲಿದ್ದೆವು.

ಗೇಟು ಮಾತ್ರ ಭರ್ಜರಿಯಾಗಿತ್ತು. ಕಲ್ಲಿನ ಕಂಬ, ಕಾರ್ಡು ನೋಡುವ ಕಾವಲುಗಾರ, 'ಮೆಂಬರುಗಳಿಗೆ ಮಾತ್ರ' ಎಂಬ ಬೋರ್ಡು. ಒಳಗೆ ಹೋದ ಮೇಲೆ ಗುಂಡಿ ಬಿದ್ದ ರಸ್ತೆ. ನಮಗೆ ಸಿಕ್ಕ ಮೊದಲ ಸೈಟಿನ ಕರೆಂಟ್ ಕಂಬದ ಸಾಕೆಟ್ಟು ಸುಟ್ಟು ಕರ್ರಗಾಗಿತ್ತು. ಎರಡನೆಯದರಲ್ಲಿ ಕರೆಂಟಿತ್ತು, ಆದರೆ ವೋಲ್ಟೇಜ್ ಎಷ್ಟು ಕಮ್ಮಿಯೆಂದರೆ ಎಸಿ ಹಾಕಿದರೆ ಮೈಕ್ರೋವೇವ್ ಇಲ್ಲ, ಮೈಕ್ರೋವೇವ್ ಹಾಕಿದರೆ ಎಸಿ ಇಲ್ಲ. ಮೂವತ್ತು ಆಂಪಿಯರ್ ಸಾಕಾಗುತ್ತಿದ್ದ ಕಾಲದ ವೈರಿಂಗು ಅದು. ಈಗಿನ ದೊಡ್ಡ ಗಾಡಿಗಳು ಐವತ್ತು ಕೇಳುತ್ತವೆ. ಈಜುಕೊಳಕ್ಕೆ ಬೇಲಿ ಸುತ್ತಿ 'ದುರಸ್ತಿಯಲ್ಲಿದೆ' ಅಂತ ಬರೆದಿದ್ದರು. ಬೋರ್ಡಿನ ಬಣ್ಣ ಎಷ್ಟು ಮಾಸಿತ್ತೆಂದರೆ, ಆ ದುರಸ್ತಿಗೇ ವಯಸ್ಸಾಗಿತ್ತು. ಕ್ಲಬ್‌ಹೌಸಿನಲ್ಲಿ ತುಂಡು ಕಳೆದುಹೋದ ಜಿಗ್‌ಸಾ ಪಜಲ್‌ಗಳು. ಎರಡನೇ ದಿನವೇ ಆಫೀಸಿನಿಂದ ಕರೆ: 'ತೊಂಬತ್ತು ನಿಮಿಷದ ಒಂದು ಸಣ್ಣ ಮಾತುಕತೆಗೆ ಬನ್ನಿ, ನಿಮ್ಮ ಮೆಂಬರ್‌ಶಿಪ್ಪನ್ನು ಅಪ್‌ಗ್ರೇಡ್ ಮಾಡಿಕೊಡುತ್ತೇವೆ.'

ಕೊಳಕ್ಕೆ ನೀರು ಬಿಡೋಕೆ ಜನ ಇಲ್ಲ, ಅಪ್‌ಗ್ರೇಡ್ ಮಾರೋಕೆ ಮೂವರಿದ್ದರು. ನನ್ನ ತಕರಾರೆಲ್ಲ ಈ ಒಂದು ಸಾಲಿನಲ್ಲಿದೆ.

ಈ ವ್ಯಾಪಾರಕ್ಕೂ ಒಂದು ಇತಿಹಾಸವಿದೆ. 1969ರಲ್ಲಿ ಮಿಲ್ಟ್ ಕ್ಯುಯೋಲ್ಟ್ ಎಂಬಾತ ವಾಷಿಂಗ್ಟನ್ ರಾಜ್ಯದ ಚೆಹಾಲಿಸ್ ಬಳಿ ಕಾಡು ಜಾಗ ಕೊಂಡು ಥೌಸಂಡ್ ಟ್ರೇಲ್ಸ್ ಶುರು ಮಾಡಿದ. ಮೆಂಬರುಗಳಿಗಷ್ಟೇ ಪ್ರವೇಶವಿರುವ ಕ್ಯಾಂಪ್‌ಗ್ರೌಂಡ್ ಎಂಬ ಕಲ್ಪನೆಯನ್ನು ದೊಡ್ಡದಾಗಿ ಬೆಳೆಸಿದ್ದು ಆ ಕಂಪನಿ. ಐಡಿಯಾ ಕೆಟ್ಟದ್ದಲ್ಲ. ಮಧ್ಯಮ ವರ್ಗದ ಕುಟುಂಬಕ್ಕೆ ಸ್ವಂತ ಎಸ್ಟೇಟ್ ಕೊಳ್ಳಲಾಗದು, ಹತ್ತಾರು ಕುಟುಂಬ ಸೇರಿದರೆ ಆದೀತು. ಆಮೇಲೆ ಅದೇ ದಾರಿ ಹಿಡಿದು ಹಲವರು ಬಂದರು. ನಾನು ಉಳಿದದ್ದು ಹಾಗೆ ಬಂದ ಬೇರೊಬ್ಬರ ಜಾಗ. 1980ರ ದಶಕದ ಹೊತ್ತಿಗೆ 'ಬಂದು ನೋಡಿದರೆ ಸಾಕು, ಗಿಫ್ಟ್ ಗ್ಯಾರಂಟಿ' ಎಂಬ ಕಾಗದಗಳು ಅಮೆರಿಕದ ಮನೆಮನೆಗೆ ಹೋಗುತ್ತಿದ್ದವು. ಕೊನೆಗೆ ಹಲವು ರಾಜ್ಯಗಳು ಈ ಮಾರಾಟಕ್ಕೆಂದೇ ಕಾಯ್ದೆ ಮಾಡಬೇಕಾಯಿತು.

ಕೇಳಿದ ಕಥೆ ಅನ್ನಿಸ್ತಾ? ಅನ್ನಿಸಲೇಬೇಕು. ಮಾಲ್‌ನಲ್ಲಿ ಲಕ್ಕಿ ಡ್ರಾ ಚೀಟಿ ತುಂಬಿಸಿ, ಮರುವಾರ ಫೋನ್ ಬಂದು, 'ಮೇಡಂ, ಗಂಡ ಹೆಂಡತಿ ಇಬ್ರೂ ಬರ್ಬೇಕು, ಡಿನ್ನರ್ ಫ್ರೀ' ಅಂತ ಕರೆಸಿಕೊಂಡು, ಏರ್ ಕಂಡೀಷನ್ ಕೋಣೆಯಲ್ಲಿ ಎರಡು ಗಂಟೆ ಕೂರಿಸಿದ ಅನುಭವ ನಿಮ್ಮಲ್ಲಿ ಅರ್ಧ ಜನಕ್ಕಾದರೂ ಇರುತ್ತೆ. ನಮ್ಮ ದೇಶಕ್ಕೆ ಈ ಟೈಮ್‌ಶೇರ್ ಬಂದದ್ದು 1980ರ ದಶಕದಲ್ಲಿ. ನಮ್ಮಪ್ಪ, ನಿಮ್ಮಪ್ಪ ಬೋನಸ್ ದುಡ್ಡಿನಲ್ಲಿ ಮೆಂಬರ್ ಆದರು. ಈಗ ನಾವು ಹೋಗದಿದ್ದರೂ ಎಎಂಸಿ ಕಟ್ಟುತ್ತಿದ್ದೇವೆ.

ಇದರ ಲೆಕ್ಕ ಹೀಗೆ. ಮೆಂಬರ್‌ಶಿಪ್ ಮಾರುವ ತನಕ ಕಂಪನಿಗೆ ಪ್ರತಿ ತಿಂಗಳೂ ಹಬ್ಬ. ಆ ದುಡ್ಡಲ್ಲೇ ರಸ್ತೆ, ಕೊಳ, ಗೇಟು, ಸೇಲ್ಸ್‌ನವರ ಕಮಿಷನ್ನು. ನಾನೂರನೇ ಮೆಂಬರನ್ನು ಸೇರಿಸಿಕೊಂಡ ಮಾರನೇ ದಿನದಿಂದ ಬರೋದು ವಾರ್ಷಿಕ ಶುಲ್ಕ ಮಾತ್ರ. ಅದೇ ಹೊತ್ತಿಗೆ ಪೈಪು ತುಕ್ಕು ಹಿಡಿಯಲು ಶುರು. ಶುಲ್ಕ ಏರಿಸಿದರೆ ಜನ ಬಿಟ್ಟು ಹೋಗುತ್ತಾರೆ, ಏರಿಸದಿದ್ದರೆ ರಿಪೇರಿ ಆಗಲ್ಲ. ಉಳಿದಿರೋದು ಒಂದೇ ದಾರಿ: ಇದ್ದವರಿಗೇ ಇನ್ನೊಂದು ಬಣ್ಣದ ಕಾರ್ಡು ಮಾರೋದು. ಅಂದರೆ ಆ ಕ್ಯಾಂಪ್‌ಗ್ರೌಂಡ್ ಯಾರದೋ ಸೋಮಾರಿತನದಿಂದ ಹಾಳಾಗಿರಲಿಲ್ಲ. ಹುಟ್ಟಿದ ದಿನವೇ ಅದರ ಲೆಕ್ಕದಲ್ಲಿ ಮುಪ್ಪಿಗೆ ದುಡ್ಡಿಟ್ಟಿರಲಿಲ್ಲ.

ಇಷ್ಟೆಲ್ಲ ಬೈದ ಮೇಲೆ ಇನ್ನೊಂದು ಮಾತೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ಆ ನಾಲ್ಕು ದಿನ ನನಗೆ ಬೇಜಾರಾಗಲಿಲ್ಲ.

ನಮ್ಮ ಪಕ್ಕದ ಸೈಟಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಇದ್ದರು. ಗಂಡನ ಜೊತೆ ಮೆಂಬರ್ ಆಗಿದ್ದು ಮಕ್ಕಳು ಸ್ಕೂಲಿಗೆ ಹೋಗುತ್ತಿದ್ದಾಗ. ಈಗ ಗಂಡ ಇಲ್ಲ, ಮಕ್ಕಳು ಬರಲ್ಲ. ಹದಿನಾಲ್ಕು ದಿನಕ್ಕಿಂತ ಹೆಚ್ಚು ಇರುವಂತಿಲ್ಲ ಎಂಬ ನಿಯಮಕ್ಕೆ ಎರಡು ವಾರಕ್ಕೊಮ್ಮೆ ಗಾಡಿ ಕಿತ್ತುಕೊಂಡು ಹೊರಗೆ ಹೋಗಿ, ಒಂದು ವಾರ ಎಲ್ಲೋ ಇದ್ದು ಮತ್ತೆ ಬರುತ್ತಾರೆ. ಅವರ ನೀರಿನ ಪೈಪು ಸೋರಿದರೆ ಆಫೀಸಿಗೆ ಹೇಳಲ್ಲ. ಆಚೆ ಸೈಟಿನ ನಿವೃತ್ತ ಪ್ಲಂಬರ್ ಅಜ್ಜ ತನ್ನದೇ ಸಾಮಾನು ತಂದು ಕಟ್ಟಿಕೊಡುತ್ತಾನೆ. ಶನಿವಾರ ರಾತ್ರಿ ಎಲ್ಲರೂ ಒಂದೊಂದು ಪಾತ್ರೆ ಅಡುಗೆ ತಂದು ಒಟ್ಟಿಗೆ ಉಂಡೆವು. ನಮ್ಮ ಶಿವಮೊಗ್ಗದ ದಂಪತಿಯ ಚಿತ್ರಾನ್ನಕ್ಕೆ ಕ್ಯೂ ನಿಂತಿತ್ತು. ನಾನು ಅಜ್ಜಿಯನ್ನು ಕೇಳಿದೆ, ಇಷ್ಟು ಹಾಳಾದ ಜಾಗಕ್ಕೆ ಯಾಕೆ ಇನ್ನೂ ದುಡ್ಡು ಕಟ್ತೀರಿ ಅಂತ. ದುಡ್ಡು ಕಂಪನಿಗೆ ಕಟ್ಟೋದು, ಬರೋದು ಇವರಿಗೋಸ್ಕರ ಅಂತ ಪಾತ್ರೆ ತೊಳೆಯುತ್ತಿದ್ದವರ ಕಡೆ ಕೈ ತೋರಿಸಿದರು.

ಕಂಪನಿ ಮಾರಿದ್ದು ಮೆಂಬರ್‌ಶಿಪ್ಪು. ನೆರೆಹೊರೆಯನ್ನು ಆ ಜನ ಬಿಟ್ಟಿಯಾಗಿ ಮಾಡಿಕೊಂಡರು. ಆ ಜಾಗ ಇನ್ನೂ ನಿಂತಿರೋದು ಈ ಎರಡನೆಯದರ ಮೇಲೆ. ಆದರೆ ಅದು ಪುಟ್ಟನ ಎಕ್ಸೆಲ್ ಶೀಟಿನಲ್ಲಿ ಬರಲ್ಲ, ಬರೆಯೋಕೂ ಆಗಲ್ಲ.

ಜಗಲಿ ಮೇಲೆ ಕೂತು ಇದನ್ನೆಲ್ಲ ಹೇಳಿದೆ. ಪುಟ್ಟ ಸುಮ್ಮನೆ ಕೇಳಿದ. ಆಮೇಲೆ, "ಅಮೆರಿಕದ ವಿಷ್ಯ ಬಿಡಕ್ಕಾ, ನಮ್ ಲೊಕೇಶನ್ ನೋಡು" ಅಂದ. ಲೊಕೇಶನ್ ಬಗ್ಗೆ ಅವನು ಹೇಳೋದು ಸುಳ್ಳಲ್ಲ. ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿ ಸೇರಿದವು. ಮೊದಲೆರಡೂ ನಮ್ಮ ಜಿಲ್ಲೆಯವೇ, ಕಾರಿದ್ದರೆ ಬೆಳಿಗ್ಗೆ ಹೊರಟು ಎರಡನ್ನೂ ನೋಡಿ ಸಂಜೆಗೆ ವಾಪಸ್ಸಾಗಬಹುದು. ಅರಸೀಕೆರೆ ಜಂಕ್ಷನ್ ಪಕ್ಕದಲ್ಲೇ. ಅಲ್ಲಿಗೆ ಬರುವವರಲ್ಲಿ ನೂರಕ್ಕೆ ಒಬ್ಬರು ಈ ಕಡೆ ತಿರುಗಿದರೂ ಸಾಕು ಅನ್ನೋದು ಅವನ ಲೆಕ್ಕ.

ಸಂಜೆ ಇಬ್ಬರೂ ಲಕ್ಷ್ಮೀನರಸಿಂಹ ದೇವಸ್ಥಾನಕ್ಕೆ ಹೋದೆವು. ಹೊಯ್ಸಳರ ಕಾಲದಲ್ಲಿ, 1235ರಲ್ಲಿ, ಪೆದ್ದಣ್ಣ ಹೆಗ್ಗಡೆ, ಸೋವಣ್ಣ, ಕೇಸಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ತ್ರಿಕೂಟ ಅದು. ಹತ್ತಿರದಲ್ಲೇ ಅದೇ ಕಾಲದ ಸೋಮೇಶ್ವರ ಗುಡಿ. ಬೇಲೂರಿನ ಕೆಲಸ ಶುರುವಾದದ್ದು 1117ರಲ್ಲಿ, ಹಳೇಬೀಡಿನದು 1121ರ ಹೊತ್ತಿಗೆ. ನಮ್ಮೂರಿನವು ಅವಕ್ಕೆ ನೂರು ವರ್ಷದ ಕಿರಿಯ ತಮ್ಮಂದಿರು. ಯುನೆಸ್ಕೊ ಪಟ್ಟಿಯೂ ಒಂದು ಮೆಂಬರ್‌ಶಿಪ್ಪೇ ತಾನೆ. ಅದರಲ್ಲಿ ನಮ್ಮೂರಿಗೆ ಕಾರ್ಡು ಸಿಕ್ಕಿಲ್ಲ. ಟೀವಿಯಲ್ಲಿ ಹಾರನಹಳ್ಳಿ ಅಂದರೆ ಕೋಡಿಮಠದ ಭವಿಷ್ಯ, ಅಷ್ಟೇ. ಆದರೂ ಆ ಕಲ್ಲು ಜಗತಿಯ ಮೇಲೆ ನಾವು ಕೂತಿದ್ದಾಗ ಅದು ಸುಮಾರು ಎಂಟುನೂರು ವರ್ಷ ಹಳೆಯದಾಗಿತ್ತು.

ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದವಿದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಒಡೆದದ್ದನ್ನು, ಬಿರುಕು ಬಿಟ್ಟದ್ದನ್ನು, ಹಳತಾದದ್ದನ್ನು ಸರಿ ಮಾಡುವುದು. ದೇವರ ಪೂಜೆ, ನೈವೇದ್ಯ, ದೀಪದೆಣ್ಣೆಯ ಜೊತೆಗೆ ಇದಕ್ಕೂ ಇಂತಿಷ್ಟು ಭೂಮಿ ಅಂತ ಬಿಟ್ಟುಕೊಡುತ್ತಿದ್ದರು. ಗುಡಿಯ ಕಲ್ಲು ಇನ್ನೂ ಹೊಸದಾಗಿರುವಾಗಲೇ, ಇದು ಒಂದಲ್ಲ ಒಂದು ದಿನ ಬಿರುಕು ಬಿಡುತ್ತೆ ಅಂತ ಕಲ್ಲಿನಲ್ಲೇ ಬರೆಸಿದ ಜನ. ಆ ದುಡ್ಡನ್ನು ನುಂಗಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ ಎಂಬ ಶಾಪ ಬೇರೆ. ನಮ್ಮ ಎಎಂಸಿ ಕಾಂಟ್ರಾಕ್ಟಿನಲ್ಲಿ ತಪ್ಪು ಮಾಡಿದ ಮೆಂಬರಿಗೆ ದಂಡ ಇರುತ್ತೆ, ಕೊಳ ಮುಚ್ಚಿದ ಕಂಪನಿಗೆ ಏನೂ ಇರಲ್ಲ.

ಹಾಗಂತ ಹಳೇ ಕಾಲವೇ ಚಂದ ಅಂತ ಹೇಳ್ತಿಲ್ಲ. ದತ್ತಿ ಭೂಮಿಗಳು ಉಳಿಯಲಿಲ್ಲ, ರಾಜರೂ ಉಳಿಯಲಿಲ್ಲ. ಇವತ್ತು ಆ ಗುಡಿಯನ್ನು ಕಾಯುತ್ತಿರೋದು ನಮ್ಮ ತೆರಿಗೆ ದುಡ್ಡಿನ ಪುರಾತತ್ವ ಇಲಾಖೆ. ಹೊಯ್ಸಳರ ಎಲ್ಲ ಗುಡಿಗಳಿಗೂ ಈ ಭಾಗ್ಯ ಇಲ್ಲ. ನಾನು ಹೇಳೋದು ಇಷ್ಟೇ, ಅವರು ಮುಪ್ಪನ್ನು ಮೊದಲ ದಿನದ ಲೆಕ್ಕಕ್ಕೆ ಸೇರಿಸಿಕೊಂಡಿದ್ದರು.

ಕತ್ತಲಾಗುತ್ತಿತ್ತು. ನಾನು ಪುಟ್ಟನಿಗೆ ಮೂರು ಪ್ರಶ್ನೆ ಕೇಳಿದೆ. ಒಂದು, ನೀರು. ನಮ್ಮದು ಬಯಲುಸೀಮೆ. ತೆಂಗಿಗೇ ಬೋರ್‌ವೆಲ್ ನೀರು ಸಾಲದೆ ಸುಳಿ ಒಣಗಿದ ಬೇಸಿಗೆಗಳನ್ನು ಇಬ್ಬರೂ ನೋಡಿದ್ದೇವೆ. ನಲವತ್ತು ಗಾಡಿಗಳ ಟ್ಯಾಂಕ್ ತುಂಬಿಸೋಕೆ ಎತ್ತಿನಹೊಳೆ ನೀರು ಬರುವ ತನಕ ಕಾಯ್ತೀಯಾ? ಎರಡು, ಹೊಲಸು. ಪ್ರತಿ ಗಾಡಿಯಲ್ಲೂ ಶೌಚದ ಟ್ಯಾಂಕ್ ಇರುತ್ತೆ, ಅದನ್ನು ಎಲ್ಲಾದರೂ ಖಾಲಿ ಮಾಡಲೇಬೇಕು. ಊರಲ್ಲಿ ಒಳಚರಂಡಿ ಇಲ್ಲ. ಪಕ್ಕದ ತೋಟದವರ ಬಾವಿಯ ಗತಿ? ಮೂರು, ಆ ಹನ್ನೆರಡು ಕೋಟಿಯಲ್ಲಿ ಇಪ್ಪತ್ತೈದನೇ ವರ್ಷಕ್ಕೆ ಅಂತ ಎಷ್ಟು ತೆಗೆದಿಟ್ಟಿದ್ದೀಯಾ?

ಮೊದಲೆರಡಕ್ಕೆ ಅವನ ಹತ್ತಿರ ಅರ್ಧಂಬರ್ಧ ಉತ್ತರ ಇತ್ತು. ಮೂರನೆಯದಕ್ಕೆ, "ಅಷ್ಟೊತ್ತಿಗೆ ಮಾರ್ಬಿಟ್ಟಿರ್ತೀವಿ ಅಕ್ಕಾ" ಅಂದುಬಿಟ್ಟ. ಹೇಳಿದ ಮೇಲೆ ಅವನಿಗೇ ಮುಜುಗರ ಆಯ್ತು, ನನಗೂ ಆಯ್ತು. ಯಾಕೆಂದರೆ ಕೊಬ್ಬರಿ ರೇಟು ಬಿದ್ದಾಗ, ನುಸಿ ಬಿದ್ದಾಗ, ಬೇರೆಯವರೆಲ್ಲ ತೋಟ ಮಾರಿ ಬೆಂಗಳೂರಿಗೆ ಹೋದಾಗ ಊರಲ್ಲಿ ಉಳಿದವನು ಅವನು. ನಾನಲ್ಲ. ದೂರದಲ್ಲಿ ಕೂತು ಜೀರ್ಣೋದ್ಧಾರದ ಬಗ್ಗೆ ಭಾಷಣ ಮಾಡೋದು ಸುಲಭ. ಆ ತೋಟಕ್ಕೆ ನಾನೂ ವಾರ್ಷಿಕ ಶುಲ್ಕ ಕಟ್ಟದ ಮೆಂಬರೇ. ಮೂಟೆ ಬಂದಾಗ 'ನಮ್ಮ ತೋಟ', ಮರಕ್ಕೆ ಔಷಧಿ ಹೊಡೆಸುವಾಗ 'ಚಿಕ್ಕಪ್ಪನ ತೋಟ'.

ರಾತ್ರಿ ಊಟಕ್ಕೆ ಕೂತಾಗ ಚಿಕ್ಕಪ್ಪ ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಮನೆ ಕಟ್ಟೋದು ಒಂದ್ ವರ್ಷದ ಕೆಲ್ಸ ಕಣಮ್ಮ. ಹೆಂಚು ಕೈಯಾಡ್ಸೋದು ಪ್ರತಿ ವರ್ಷದ್ದು. ಅದಕ್ಕೆ ಯಾರು ಮೇಲೆ ಹತ್ತೋರು ಅಂತ ಮೊದ್ಲು ಮಾತಾಡ್ಕಳಿ."

ಹೋದ ವಾರ ಪುಟ್ಟ ಹೊಸ ಶೀಟು ಕಳಿಸಿದ್ದಾನೆ. ನಲವತ್ತು ಸೈಟು ಆರಾಗಿದೆ. ಮೆಂಬರ್‌ಶಿಪ್ ಇಲ್ಲ, ಬಂದವರು ಬಂದ ದಿನದ ಬಾಡಿಗೆ ಕೊಟ್ಟು ಹೋಗಲಿ ಅಂತ. ಹನ್ನೆರಡು ಕೋಟಿ ಎಲ್ಲೋ ಮಾಯವಾಗಿದೆ. ಕೊನೆಯಲ್ಲಿ 'ರಿಪೇರಿ' ಅಂತ ಒಂದು ಕಾಲಂ, ಅದರ ಕೆಳಗೆ ಇಬ್ಬರ ಹೆಸರು, ಅವನದು ಮತ್ತು ನನ್ನದು. ಅವನ ಹೆಸರಿನ ಮುಂದೆ ಪ್ರತಿ ವರ್ಷಕ್ಕೆ ಇಷ್ಟು ಅಂತ ಬರೆದುಕೊಂಡಿದ್ದಾನೆ. ನನ್ನ ಹೆಸರಿನ ಮುಂದೆ ಖಾಲಿ ಬಿಟ್ಟಿದ್ದಾನೆ.

ಸೈನ್ ಇನ್ನೂ ಹಾಕಿಲ್ಲ. ಮೊದಲು ಆ ಖಾಲಿ ಜಾಗ ತುಂಬಬೇಕು.